ಡೆಸ್ಕ್‌ಟಾಪ್ ಜೋಡಿಸುವವರಿಗೂ ಕೊಳ್ಳುವವರಿಗೂ: ಮಾಡಬೇಕಾದ್ದು, ಮಾಡಬಾರದ್ದು

ಪಿಯುಸಿ ಫಲಿತಾಂಶ ಬಂದು ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ನಮ್ಮ ರಿಪೇರಿ ಅಂಗಡಿಗೆ ಜನ ಒಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಬಿಡಿಭಾಗ ತಂದು ನಾವೇ ಜೋಡಿಸಿಕೊಳ್ಳುವುದೋ, ಕಂಪನಿಯವರು ಮಾಡಿಟ್ಟ ಡೆಸ್ಕ್‌ಟಾಪನ್ನೇ ತರುವುದೋ? ಮಗ ಮೊದಲನೆಯದು ಅನ್ನುತ್ತಾನೆ, ಅಪ್ಪ ಎರಡನೆಯದು ಅನ್ನುತ್ತಾರೆ, ಇಬ್ಬರ ಕೈಯಲ್ಲೂ ಬೆಲೆಯ ಚೀಟಿ ಇರುತ್ತದೆ. ಆ ಚೀಟಿಯನ್ನು ಪಕ್ಕಕ್ಕಿಡಿ. ಕಂಪ್ಯೂಟರ್ ಕೆಟ್ಟು ಕೂತಾಗ ಯಾರು ನೋಡುತ್ತಾರೆ ಎಂಬುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಕೆಳಗೆ ಬರೆದಿರುವುದೆಲ್ಲ ಆ ಒಂದು ಪ್ರಶ್ನೆಯಿಂದಲೇ ಹುಟ್ಟಿದ್ದು.

ದುಡ್ಡು ಬಿಚ್ಚುವ ಮುಂಚೆ

ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ತಾಳ್ಮೆಯಿಂದ ಕೂರುವವರು ಒಬ್ಬರಾದರೂ ಇದ್ದರೆ, ವಿಡಿಯೊ ಎಡಿಟಿಂಗೋ ಅನಿಮೇಷನ್ನೋ ಗೇಮಿಂಗೋ ಅಂತ ಗ್ರಾಫಿಕ್ಸ್ ಕಾರ್ಡ್ ಬೇಡುವ ಕೆಲಸವಿದ್ದರೆ, ಈ ವರ್ಷ ಇಷ್ಟು ಬರುವ ವರ್ಷ ಇನ್ನಷ್ಟು ಎಂದು ಬೆಳೆಸಿಕೊಂಡು ಹೋಗುವ ಯೋಚನೆಯಿದ್ದರೆ, ನೀವೇ ಜೋಡಿಸಿ. ಹೆದರಬೇಡಿ. ಐಬಿಎಂ 1981ರಲ್ಲಿ ತನ್ನ ಪಿಸಿಯನ್ನು ಬೇರೆ ಬೇರೆ ಕಂಪನಿಗಳ ಭಾಗ ಸೇರಿಸಿಯೇ ಕಟ್ಟಿ, ಅದರ ಒಳವಿವರವನ್ನು ಎಲ್ಲರಿಗೂ ಸಿಗುವಂತೆ ಅಚ್ಚು ಹಾಕಿಸಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದ ಮೇಲೆ ಮದರ್‌ಬೋರ್ಡಿನ ತೂತು, ಕ್ಯಾಬಿನೆಟ್ಟಿನ ತೂತು, ಕರೆಂಟ್ ಪೂರೈಸುವ ಎಸ್‌ಎಂಪಿಎಸ್‌ನ ಅಗಲ ಎಲ್ಲವೂ ಒಂದು ಲೆಕ್ಕಕ್ಕೆ ಬಂದವು. ಒಂದು ದೇಶದ ಬೋರ್ಡು, ಇನ್ನೊಂದು ದೇಶದ ಪ್ರೊಸೆಸರ್, ಮತ್ತೊಂದು ದೇಶದ ರ್ಯಾಮ್ ನಿಮ್ಮ ಊಟದ ಮೇಜಿನ ಮೇಲೆ ಜಗಳವಿಲ್ಲದೆ ಕೂಡಿಕೊಳ್ಳುವುದು ಇದರಿಂದಲೇ.

ಸಹಕಾರ ಸಂಘ, ಶಾಲೆ, ಔಷಧಿ ಅಂಗಡಿ, ಟ್ಯಾಲಿ ನೋಡುವ ಲೆಕ್ಕದ ಆಫೀಸು, ಇಂಥ ಕಡೆಗೆ ಜೋಡಿಸಲು ಹೋಗಬೇಡಿ. ಒಂದು ದಿನ ಮೆಷಿನ್ ನಿಂತರೆ ಅಲ್ಲಿ ವ್ಯವಹಾರವೇ ನಿಲ್ಲುತ್ತದೆ. ಕಂಪನಿಯದ್ದು ಕೊಳ್ಳಿ, 3 ವರ್ಷದ ಆನ್‌ಸೈಟ್ ವಾರಂಟಿಯ ಜೊತೆ ಕೊಳ್ಳಿ. ಆನ್‌ಸೈಟ್ ಎಂಬ ಮಾತು ವಾರಂಟಿ ಕಾಗದದಲ್ಲಿ ಇದೆಯೇ ಎಂದು ಕಣ್ಣಾರೆ ನೋಡಿ. ಕ್ಯಾರಿ ಇನ್ ಎಂದಿದ್ದರೆ ಪೆಟ್ಟಿಗೆ ಹೊತ್ತುಕೊಂಡು ಸರ್ವಿಸ್ ಸೆಂಟರಿಗೆ ನೀವೇ ಹೋಗಬೇಕು. ನಿಮ್ಮ ಪಿನ್‌ಕೋಡಿಗೆ ಎಂಜಿನಿಯರ್ ಬರುತ್ತಾರೆಯೇ ಎಂದು ಕಂಪನಿಯ ಸಹಾಯವಾಣಿಗೇ ಫೋನ್ ಮಾಡಿ ಕೇಳಿ. ಅಂಗಡಿಯವರ ಬಾಯಿಮಾತು ಸಾಲದು.

ಕಂಪನಿಯದ್ದು ಈಗ ತಂದು, ಆರು ತಿಂಗಳು ಬಿಟ್ಟು ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣ ಎಂದು ಲೆಕ್ಕ ಹಾಕಬೇಡಿ. ಹಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪುಗಳ ಎಸ್‌ಎಂಪಿಎಸ್ 200 ವ್ಯಾಟಿನ ಆಸುಪಾಸಿನದು, ಅದರ ಕನೆಕ್ಟರೂ ಆಕಾರವೂ ಆ ಕಂಪನಿಯ ಸ್ವಂತದ್ದು. ದೊಡ್ಡದು ಹಾಕೋಣವೆಂದರೆ ಪೇಟೆಯಲ್ಲಿ ಸಿಗುವ ಎಟಿಎಕ್ಸ್ ಎಸ್‌ಎಂಪಿಎಸ್ ಅದಕ್ಕೆ ಕೂರುವುದಿಲ್ಲ. ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕರೆಂಟ್ ತೆಗೆದುಕೊಳ್ಳುವ, 75 ವ್ಯಾಟ್ ಮೀರದ ಚಿಕ್ಕ ಕಾರ್ಡು ಮಾತ್ರ ಅಲ್ಲಿ ನಡೆದೀತು.

ಜೋಡಿಸಿದರೆ ಯಾವಾಗಲೂ ಅಗ್ಗ ಎಂದು ನಂಬಿ ಕೂರಬೇಡಿ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡು ರ್ಯಾಮಿನ ಬೆಲೆ ಎಲ್ಲಿಗೋ ಏರಿತು. ಇಂಥ ಕಾಲದಲ್ಲಿ ಹಳೆಯ ಬೆಲೆಯ ದಾಸ್ತಾನು ಇಟ್ಟುಕೊಂಡ ಕಂಪನಿಯ ಮೆಷಿನ್ ಅಗ್ಗವಾಗಿ ಸಿಗುವುದೂ ಉಂಟು. ಎರಡಕ್ಕೂ ಒಂದೇ ದಿನ ಬೆಲೆ ಕೇಳಿ. ಬ್ರ್ಯಾಂಡೆಡ್ ಮೆಷಿನ್ನಿನಲ್ಲಿ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಸೇರಿರುತ್ತದೆ, ಜೋಡಿಸಿದ್ದರಲ್ಲಿ ಇರುವುದಿಲ್ಲ. ಆ ದುಡ್ಡನ್ನು ಸೇರಿಸಿ ಕೂಡಿ.

ಇನ್ನು ಮೂರನೆಯದೊಂದಿದೆ. ನಮ್ಮ ಊರುಗಳಲ್ಲಿ ‘ಅಸೆಂಬಲ್ಡ್’ ಅಂದರೆ ಬಹಳ ಸಲ ನೀವು ಜೋಡಿಸಿದ್ದಲ್ಲ, ಕಂಪನಿ ಜೋಡಿಸಿದ್ದೂ ಅಲ್ಲ. ಅಂಗಡಿಯವರು ಒಳಗೆ ಹೋಗಿ ಜೋಡಿಸಿ ಮುಚ್ಚಳ ಹಾಕಿ ತಂದು ಕೊಟ್ಟದ್ದು. ಒಳಗಿನದು ಏನೆಂದು ನಿಮಗೆ ಗೊತ್ತಿಲ್ಲ, ಕೆಟ್ಟರೆ ಮನೆಗೆ ಬರುವವರೂ ಇಲ್ಲ. ನನ್ನ ಮೇಜಿಗೆ ಬರುವ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಪ್ರತಿ ಭಾಗದ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆದುಕೊಡದ ಅಸೆಂಬಲ್ಡ್ ಕಂಪ್ಯೂಟರನ್ನು ಕೊಳ್ಳಲೇಬೇಡಿ. ‘ಒಂದು ಕಂಪ್ಯೂಟರ್ ಸೆಟ್’ ಎಂದು ಒಂದೇ ಸಾಲು ಬರೆದ ಬಿಲ್ಲು ಬಿಲ್ಲಲ್ಲ.

ಅಂಗಡಿಯಲ್ಲಿ

ಬೆಂಗಳೂರಿನ ಎಸ್‌ಪಿ ರೋಡಿಗೆ, ಅಂದರೆ ಟೌನ್‌ಹಾಲ್ ಬಳಿಯ ಸಾದರ ಪತ್ರಪ್ಪ ರಸ್ತೆಗೆ ಹೋಗುವವರು ಚೀಟಿ ಬರೆದುಕೊಂಡು ಹೋಗಿ. ಬರಿಗೈಲಿ ಹೋದರೆ ಅಂಗಡಿಯಲ್ಲಿ ಏನು ಉಳಿದಿದೆಯೋ ಅದೇ ನಿಮಗೆ ಒಳ್ಳೆಯದೆಂದು ಹೇಳುತ್ತಾರೆ. ಪ್ರೊಸೆಸರ್ ಯಾವುದು, ಅದರ ಸಾಕೆಟ್ ಯಾವುದು, ಬೋರ್ಡ್ ಯಾವುದು, ಡಿಡಿಆರ್4 ಬೇಕೋ ಡಿಡಿಆರ್5 ಬೇಕೋ ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ. ಇಂಟೆಲ್‌ನ 12, 13, 14ನೇ ಪೀಳಿಗೆಗೆ ಎಲ್‌ಜಿಎ 1700 ಸಾಕೆಟ್ಟು. ಅದರ ಬೋರ್ಡುಗಳಲ್ಲಿ ಕೆಲವು ಡಿಡಿಆರ್4 ತೆಗೆದುಕೊಳ್ಳುತ್ತವೆ, ಕೆಲವು ಡಿಡಿಆರ್5. ಎಎಂಡಿಯ ಎಎಂ5 ಸಾಕೆಟ್ಟಿಗೆ ಡಿಡಿಆರ್5 ಒಂದೇ. ಎರಡು ಬಗೆಯ ರ್ಯಾಮಿನಲ್ಲೂ ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರದು. ಮಾಡೆಲ್ ನಂಬರಿನ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರಿಗೆ ಸ್ವಂತ ಗ್ರಾಫಿಕ್ಸ್ ಇಲ್ಲ; ಬೇರೆ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಒಂದೆರಡು ಸಾವಿರ ಉಳಿಯಿತೆಂದು ಅದನ್ನು ತಂದು ಕಪ್ಪು ಪರದೆ ನೋಡುತ್ತ ಕೂತವರು ಎಷ್ಟೋ ಜನ.

‘ಐ7’ ಎಂಬ ಎರಡಕ್ಷರಕ್ಕೆ ದುಡ್ಡು ಕೊಡಬೇಡಿ. ಇದನ್ನು ದಪ್ಪಕ್ಷರದಲ್ಲಿ ಗೋಡೆಗೆ ಅಂಟಿಸಬೇಕು. ಬಣ್ಣದ ದೀಪ ಮಿನುಗುವ ಗಾಜಿನ ಕ್ಯಾಬಿನೆಟ್ಟಿನಲ್ಲಿ ಮೂರನೇ ಪೀಳಿಗೆಯ ಐ7 ಹಾಕಿ, ಹೆಸರಿಲ್ಲದ ಎಚ್61 ಬೋರ್ಡು, ಡಿಡಿಆರ್3 ರ್ಯಾಮ್ ಕೂರಿಸಿ, ಹೊಸದೆಂಬಂತೆ ಮಾರುತ್ತಾರೆ. ಆ ಪ್ರೊಸೆಸರ್ ಬಂದದ್ದು 2012ರಲ್ಲಿ. 2022ರಲ್ಲಿ ಬಂದ ಐ3-12100 ಅದನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಒಪ್ಪಿರುವುದು ಇಂಟೆಲ್‌ನಲ್ಲಿ 8ನೇ ಪೀಳಿಗೆಯಿಂದ ಈಚಿನದನ್ನು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮಗನ ನಾಲ್ಕು ವರ್ಷದ ಓದಿಗೆ ಅಂತ ತಂದ ಮೆಷಿನ್ ಬಂದ ದಿನವೇ ಹಳತಾಗಿರುತ್ತದೆ. ಐ ಪಕ್ಕದ ಅಂಕಿ ಅಲ್ಲ, ಅದರ ಮುಂದಿನ ಪೂರ್ತಿ ನಂಬರ್ ಓದಿ.

ಬಿಲ್ಲಿಲ್ಲದೆ ತರಬೇಡಿ. ಕಂಪ್ಯೂಟರ್ ಭಾಗಗಳ ಮೇಲೆ ಜಿಎಸ್‌ಟಿ 18 ಪರ್ಸೆಂಟು. ಅದನ್ನು ಬಿಟ್ಟುಕೊಡುತ್ತೇನೆ, ಬಿಲ್ಲು ಕೇಳಬೇಡಿ ಎಂದಾಗ ಆಸೆಯಾಗುವುದು ಸಹಜ. ಬಿಲ್ಲಿಲ್ಲದಿದ್ದರೆ ವಾರಂಟಿಗೆ ಯಾರ ಮುಂದೆ ನಿಲ್ಲುತ್ತೀರಿ? ಡಬ್ಬಿಯಲ್ಲಿ ಬರುವ ಇಂಟೆಲ್ ಪ್ರೊಸೆಸರಿಗೆ ಸಾಮಾನ್ಯವಾಗಿ 3 ವರ್ಷದ ವಾರಂಟಿ ಇದೆ, ಡಬ್ಬಿಯಿಲ್ಲದ ‘ಟ್ರೇ’ ಮಾಲಿಗೆ ಕಂಪನಿ ನೇರವಾಗಿ ಹೊಣೆಯಲ್ಲ. ಸ್ವಂತ ಉದ್ಯೋಗಕ್ಕೆ ಕೊಳ್ಳುವವರು ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ಲು ಮಾಡಿಸಿ, ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ಹಿಂದಕ್ಕೆ ಪಡೆಯಬಹುದು. ಖಾಲಿ ಡಬ್ಬಿಗಳನ್ನು ಅಟ್ಟದ ಮೇಲಿಡಿ, ಗುಜರಿಗೆ ಹಾಕಬೇಡಿ. ಸೀರಿಯಲ್ ನಂಬರ್ ಅದರ ಮೇಲೂ ಇರುತ್ತದೆ.

ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಬಿಡಿಭಾಗದ ವಾರಂಟಿ ಎಷ್ಟು ವರ್ಷದ್ದೇ ಆಗಿರಲಿ, ಹೊರಜಿಲ್ಲೆಯವರು ಅದಕ್ಕಾಗಿ ಬಹುಪಾಲು ಬೆಂಗಳೂರಿಗೇ ಓಡಾಡಬೇಕು ಅಥವಾ ಕೊರಿಯರ್ ಮಾಡಬೇಕು. ಬದಲಿ ಭಾಗ ಬರಲು ಎರಡು ಮೂರು ವಾರ ಹಿಡಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಷ್ಟು ದಿನ ಕಾಯಲಾಗದವರು ನೀವಾದರೆ ಮೇಲಿನ ತೀರ್ಮಾನಕ್ಕೆ ಹಿಂತಿರುಗಿ, ಕಂಪನಿಯದ್ದು ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡನ್ನು ಕಣ್ಣೆದುರು ಅರ್ಧ ಗಂಟೆ ಓಡಿಸಿ ನೋಡದೆ ತರಬೇಡಿ. ಈಥೀರಿಯಂ ಎಂಬ ಕ್ರಿಪ್ಟೊ ಹಣದ ಜಾಲ 2022ರ ಸೆಪ್ಟೆಂಬರಿನಲ್ಲಿ ತನ್ನ ವ್ಯವಸ್ಥೆ ಬದಲಿಸಿ, ಈ ಕಾರ್ಡುಗಳಲ್ಲಿ ನಡೆಯುತ್ತಿದ್ದ ಅದರ ಮೈನಿಂಗ್ ನಿಂತ ಮೇಲೆ, ಹಗಲೂ ರಾತ್ರಿ ದುಡಿದ ಕಾರ್ಡುಗಳು ಪೇಟೆಗೆ ಬಂದವು. ಈಗಲೂ ಕೈ ಬದಲಾಯಿಸುತ್ತಲೇ ಇವೆ.

ಕದ್ದ ವಿಂಡೋಸ್ ಹಾಕಿಸಿಕೊಳ್ಳಬೇಡಿ. ಅದನ್ನು ‘ಆಕ್ಟಿವೇಟ್’ ಮಾಡುವ ಪುಟ್ಟ ಪ್ರೋಗ್ರಾಂ ಒಳಗೆ ಇನ್ನೇನಿದೆಯೋ ಹಾಕಿದವರಿಗೂ ಗೊತ್ತಿರುವುದಿಲ್ಲ, ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದು ಅದೇ ಮೆಷಿನ್ನಿನಲ್ಲಿ. ದುಡ್ಡಿಲ್ಲದಿದ್ದರೆ ಉಬುಂಟು ಹಾಕಿ, ಅದು ಪುಕ್ಕಟೆ. ಆದರೆ ಡಿಟಿಪಿ ಮಾಡುವವರು ದುಡುಕಬೇಡಿ: ನುಡಿ ತಂತ್ರಾಂಶ ವಿಂಡೋಸಿಗೆ ಮಾಡಿದ್ದು, ನಿಮ್ಮ ಹಳೆಯ ಫೈಲುಗಳೆಲ್ಲ ಆ ಫಾಂಟಿನಲ್ಲಿವೆ. ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡುವವರಿಗೆ ತೊಂದರೆಯಿಲ್ಲ, ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿರುವ ಅದೇ ಕೀಲಿಮಣೆ ಲಿನಕ್ಸಿನಲ್ಲೂ ಕೆಜಿಪಿ ಎಂಬ ಹೆಸರಲ್ಲಿ ಸಿಗುತ್ತದೆ.

ಎಸ್‌ಎಂಪಿಎಸ್

ಇದಕ್ಕೆ ಬೇರೆ ತಲೆಬರಹ ಕೊಟ್ಟಿದ್ದೇನೆ, ಯಾಕೆಂದರೆ ಎಲ್ಲರೂ ದುಡ್ಡು ಉಳಿಸಲು ಹೋಗುವುದು ಇಲ್ಲೇ.

ಕಳೆದ ಬೇಸಿಗೆಯಲ್ಲಿ ಒಬ್ಬರು ಹಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕ್ಯಾಬಿನೆಟ್ ಇಟ್ಟುಕೊಂಡು ಬಂದರು. ಮಗಳು ಮನೆಯಲ್ಲೇ ವಿಡಿಯೊ ಎಡಿಟ್ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದಳು. “ಸಾರ್, ತಂದು ನಾಲ್ಕು ತಿಂಗಳೂ ಆಗಿಲ್ಲ. ರಾತ್ರಿ ಟಪ್ ಅಂತ ಸದ್ದಾಯ್ತು, ಸುಟ್ಟ ವಾಸನೆ ಬಂತು” ಎಂದರು. ಮುಚ್ಚಳ ತೆಗೆದೆ. ಒಳ್ಳೆಯ ಬೋರ್ಡು, ಒಳ್ಳೆಯ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡೂ ಒಳ್ಳೆಯದೇ. ಎಸ್‌ಎಂಪಿಎಸ್ ಮಾತ್ರ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದದ್ದು. ಚೀಟಿಯ ಮೇಲೆ 500 ವ್ಯಾಟ್ ಎಂದಿತ್ತು, ಕೈಗೆತ್ತಿಕೊಂಡರೆ ಹೂವಿನಷ್ಟು ಹಗುರ. ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ನೋಡಿದೆ. ಕರೆಂಟ್ ಒಳಬರುವ ಕಡೆ ಫಿಲ್ಟರ್ ಕಾಯಿಲ್ ಇರಬೇಕಾದ ಜಾಗದಲ್ಲಿ ಬರೀ ಒಂದು ತಂತಿ ತುಂಡು ಬೆಸೆದಿದ್ದರು. ಟ್ರಾನ್ಸ್‌ಫಾರ್ಮರ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಎರಡು ಕೆಪಾಸಿಟರ್ ತಲೆಯೊಡೆದು ಕಂದು ರಸ ಕಾರಿದ್ದವು. ಅದು ಸಾಯುವಾಗ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಮಾರಿದ ಅಂಗಡಿಯವರು ಎಸ್‌ಎಂಪಿಎಸ್ ಬದಲಾಯಿಸಿ ಕೊಟ್ಟರು, ಅದೇ ಜಾತಿಯ ಇನ್ನೊಂದನ್ನು. ಉಳಿದದ್ದಕ್ಕೆ ಹೊಣೆಯಿಲ್ಲ ಎಂದರು. ಆ ಹುಡುಗಿಯ ನಾಲ್ಕು ತಿಂಗಳ ದುಡಿಮೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಬಳಸಬೇಡಿ. ಹೆಸರುಳ್ಳ ಕಂಪನಿಯ, 80 ಪ್ಲಸ್ ಗುರುತಿರುವ, ಕಡೇ ಪಕ್ಷ 3 ವರ್ಷ ವಾರಂಟಿಯ ಎಸ್‌ಎಂಪಿಎಸ್ಸನ್ನು ಬೇರೆಯಾಗಿ ಕೊಳ್ಳಿ. ದುಡ್ಡು ಸಾಲದಿದ್ದರೆ ಬಣ್ಣದ ದೀಪ ಬಿಡಿ, ಗಾಜಿನ ಕ್ಯಾಬಿನೆಟ್ ಬಿಡಿ, ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಇದರಲ್ಲಿ ಇಳಿಯಬೇಡಿ. ಮಾಡ್ಯುಲರ್ ಎಸ್‌ಎಂಪಿಎಸ್‌ನ ಕೇಬಲ್ಲುಗಳನ್ನು ಬೇರೆ ಎಸ್‌ಎಂಪಿಎಸ್‌ಗೆ ಚುಚ್ಚಬೇಡಿ. ಪ್ಲಗ್ಗು ಸರಿಯಾಗಿ ಕೂರುತ್ತದೆ, ಒಳಗಿನ ತಂತಿಯ ಕ್ರಮ ಬೇರೆ ಇರುತ್ತದೆ, ಹಾರ್ಡ್‌ಡಿಸ್ಕ್ ಒಂದೇ ಕ್ಷಣದಲ್ಲಿ ಸುಡುತ್ತದೆ. ನನ್ನ ಹಾಗೆ ಎಸ್‌ಎಂಪಿಎಸ್ಸನ್ನು ಬಿಚ್ಚಿ ನೋಡಲೂ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

ಮನೆಯ ಅರ್ಥಿಂಗ್ ನೋಡಿಸಿ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದು ಸಾಮಾನ್ಯವಾಗಿ ಕಂಪ್ಯೂಟರಿನ ದೋಷವಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಹರಿಸುವ ಸಣ್ಣ ಕರೆಂಟು ಭೂಮಿಗೆ ಇಳಿಯಲು ದಾರಿಯಿಲ್ಲದೆ ತಗಡಿನ ಮೇಲೆ ನಿಂತಿದೆ ಎಂದರ್ಥ. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನು ಕತ್ತರಿಸಿ ಎರಡು ಕಾಲಿನ ಸಾಕೆಟ್ಟಿಗೆ ಹಾಕಬೇಡಿ.

ಯುಪಿಎಸ್ ಕೊಳ್ಳುವಾಗ ವಿಎ ಅಲ್ಲ, ವ್ಯಾಟ್ ನೋಡಿ. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್ ಕೊಡುವಂಥದ್ದು. ಬೇಸಿಗೆಯ ಕೊನೆಯ ಗುಡುಗು ಮಳೆಯಿಂದ ಯುಪಿಎಸ್ಸೂ ಕಾಪಾಡುವುದಿಲ್ಲ: ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡಿ, ಇಂಟರ್ನೆಟ್ಟಿನ ಲ್ಯಾನ್ ತಂತಿಯನ್ನೂ ಕಿತ್ತಿಡಿ. ಎರಡನೆಯದನ್ನು ಮರೆತವರ ಬೋರ್ಡು ನನ್ನ ಬಳಿ ರಾಶಿ ಇದೆ.

ಮೇಜಿನ ಮೇಲೆ

ಹಗಲು ಹೊತ್ತಿನಲ್ಲಿ, ಕರೆಂಟ್ ಸಂಪರ್ಕವಿಲ್ಲದೆ, ಮರದ ಮೇಜಿನ ಮೇಲೆ ಕೂತು ಜೋಡಿಸಿ. ಕಂಬಳಿಯ ಮೇಲೋ ಹಾಸಿಗೆಯ ಮೇಲೋ ಬೇಡ. ಒಣ ಹವೆಯಲ್ಲಿ ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್ತು ನಿಮ್ಮ ಗಮನಕ್ಕೆ ಬಾರದಷ್ಟಿದ್ದರೂ ಚಿಪ್ಪಿಗೆ ಸಾಕು. ಒಂದೊಂದು ಭಾಗ ಎತ್ತಿಕೊಳ್ಳುವ ಮುಂಚೆ ಬಣ್ಣ ಬಳಿಯದ ಕ್ಯಾಬಿನೆಟ್ ಲೋಹವನ್ನು ಮುಟ್ಟಿ.

ಪ್ರೊಸೆಸರ್ ಕೂರಿಸುವಾಗ ಮಾತಾಡಬೇಡಿ, ಫೋನ್ ಎತ್ತಬೇಡಿ, ವಿಡಿಯೊ ಮಾಡಿಕೊಳ್ಳಬೇಡಿ. ಎಲ್‌ಜಿಎ 1700 ಎಂದರೆ ಸಾಕೆಟ್ಟಿನಲ್ಲಿ 1700 ಸಂಪರ್ಕಗಳಿವೆ ಎಂದರ್ಥ, ಒಂದೊಂದೂ ಕೂದಲೆಳೆಯಂಥ ಬಾಗಿದ ಪಿನ್ನು. ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಎರಡು ಅಂಚು ಹಿಡಿದು, ನೆಟ್ಟಗೆ ಇಳಿಸಿ, ಕೈ ಬಿಡಿ. ಒತ್ತಬೇಡಿ. ಅದರ ತೂಕವೇ ಅದನ್ನು ಕೂರಿಸುತ್ತದೆ. ಕೊಕ್ಕೆ ಹಾಕುವಾಗ ಮಾತ್ರ ಬಲ ಬೇಕು, ಕಿರ್ ಎಂದು ಸದ್ದಾಗುತ್ತದೆ, ಅದಕ್ಕೆ ಗಾಬರಿ ಬೇಡ. ಒಮ್ಮೆ ಒಬ್ಬ ಹುಡುಗನ ಕೈಜಾರಿ ಪ್ರೊಸೆಸರಿನ ಮೂಲೆ ಸಾಕೆಟ್ಟಿಗೆ ಬಿತ್ತು, ಮೂರು ಪಿನ್ನು ಮಲಗಿದವು. ಭೂತಗನ್ನಡಿ ಹಿಡಿದು ಸೂಜಿಯ ಮೊನೆಯಿಂದ ಅವನ್ನು ಎಬ್ಬಿಸಲು ನನಗೆ ಒಂದು ಸಂಜೆ ಹಿಡಿಯಿತು. ಬೋರ್ಡು ಬದುಕಿತು, ವಾರಂಟಿ ಹೋಯಿತು.

ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಕೂಲರಿನ ತಳಕ್ಕೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಹಾಕಿ. ಅದನ್ನು ಹಾಗೇ ಬಿಟ್ಟು ಕೂರಿಸಿ, ಕಂಪ್ಯೂಟರ್ ಕಾದು ಕಾದು ಆಫ್ ಆಗುತ್ತದೆ ಎಂದು ಬಂದವರಿದ್ದಾರೆ.

ಬೋರ್ಡನ್ನು ಕ್ಯಾಬಿನೆಟ್ಟಿಗೆ ಇಳಿಸುವ ಮುಂಚೆ ಬೋರ್ಡು ಕೂರುವ ಹಿತ್ತಾಳೆಯ ಚಿಕ್ಕ ಕಂಬಗಳನ್ನು (ಸ್ಟ್ಯಾಂಡಾಫ್) ಎಣಿಸಿ. ಬೋರ್ಡಿನಲ್ಲಿ ಎಷ್ಟು ತೂತೋ ಅಷ್ಟೇ ಇರಬೇಕು, ಅದೇ ಜಾಗದಲ್ಲಿರಬೇಕು. ಒಂದು ಹೆಚ್ಚಾಗಿ ಬೋರ್ಡಿನ ಬೆನ್ನಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಹಿಂಬದಿಯ ಐಓ ತಗಡು ಬಿಡಿಯಾಗಿ ಬಂದಿದ್ದರೆ ಅದನ್ನು ಮೊದಲು ಕೂರಿಸಿ, ಮರೆತರೆ ಎಲ್ಲ ಬಿಚ್ಚಬೇಕು.

ರ್ಯಾಮ್ ಎರಡೇ ಇದ್ದು ಸ್ಲಾಟ್ ನಾಲ್ಕಿದ್ದರೆ, ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ 2 ಮತ್ತು 4ನೆಯದಕ್ಕೆ ಹಾಕಿ. ಕ್ಲಿಕ್ ಎನ್ನುವವರೆಗೆ ಒತ್ತಿ, ಇಲ್ಲಿ ಮೆದುವಾಗಿರಬೇಡಿ. ಬೋರ್ಡಿಗೆ 24 ಪಿನ್ನಿನ ಕೇಬಲ್ ಹಾಕಿ, ಪ್ರೊಸೆಸರ್ ಪಕ್ಕದ 8 ಪಿನ್ನಿನದನ್ನು ಮರೆಯಬೇಡಿ. ಎಂ.2 ಎಸ್‌ಎಸ್‌ಡಿಯ ಚಿಕ್ಕ ಸ್ಕ್ರೂ ಸಾಮಾನ್ಯವಾಗಿ ಬೋರ್ಡಿನ ಡಬ್ಬಿಯಲ್ಲೇ ಇರುತ್ತದೆ, ಡಬ್ಬಿ ಕೊಡವಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಹಾಕಿದವರು ಮಾನಿಟರಿನ ಕೇಬಲ್ಲನ್ನು ಆ ಕಾರ್ಡಿಗೇ ಚುಚ್ಚಿ, ಬೋರ್ಡಿಗಲ್ಲ.

ಗುಂಡಿ ಒತ್ತಿದ ಮೇಲೆ

ಮೊದಲ ಸಲ ಏನೂ ಆಗದಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ನೋಡಿ. ಆ 8 ಪಿನ್ನಿನ ಕೇಬಲ್ ನೋಡಿ. ಒಂದೇ ರ್ಯಾಮ್ ಬಿಟ್ಟು ಇನ್ನೊಂದನ್ನು ತೆಗೆದು ನೋಡಿ. ಡಿಡಿಆರ್5 ಬೋರ್ಡು ಮೊದಲ ಸಲ ರ್ಯಾಮನ್ನು ಗುರುತು ಹಿಡಿಯಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲುವುದುಂಟು. ಆಗ ಕರೆಂಟ್ ತೆಗೆಯಬೇಡಿ, ಕಾಯಿರಿ. ಪ್ರೊಸೆಸರ್ ಹೊಸದು, ಬೋರ್ಡ್ ಅದಕ್ಕಿಂತ ಹಳೆಯ ದಾಸ್ತಾನಿನದು ಆಗಿದ್ದರೆ ಬೋರ್ಡಿನ ಮೂಲ ಪ್ರೋಗ್ರಾಂ ಆದ ಬಯಾಸ್ ಅಪ್‌ಡೇಟ್ ಬೇಕಾಗಬಹುದು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡ್ ಕೆಡಬಹುದು, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಇಳಿಯಬೇಡಿ.

ಆನ್ ಆದ ಮೇಲೆ ಬಯಾಸಿನಲ್ಲಿ ಇಂಟೆಲ್ಲಿಗೆ ಎಕ್ಸ್‌ಎಂಪಿ, ಎಎಂಡಿಗೆ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ ದುಡ್ಡು ಕೊಟ್ಟ ವೇಗದಲ್ಲಿ ರ್ಯಾಮ್ ಓಡುವುದಿಲ್ಲ.

ಇಷ್ಟೆಲ್ಲ ನೋಡಿಯೂ ಆಗಲಿಲ್ಲವೆಂದರೆ ನಿಮ್ಮೂರಿನ ರಿಪೇರಿಯವರ ಬಳಿ ತೆಗೆದುಕೊಂಡು ಹೋಗಿ. ತೆಗೆದುಕೊಂಡು ಹೋದಾಗ ಏನನ್ನೂ ಮುಚ್ಚಿಡಬೇಡಿ. ಪ್ರೊಸೆಸರ್ ಕೈಜಾರಿತ್ತೇ, ಕೇಬಲ್ ತಿರುಗಿಸಿ ಚುಚ್ಚಿದ್ದಿರೇ, ಸ್ಕ್ರೂ ಒಳಗೆ ಬಿದ್ದು ಸಿಗಲಿಲ್ಲವೇ, ನಡೆದದ್ದನ್ನು ನಡೆದ ಹಾಗೆ ಹೇಳಿ. ‘ಏನೂ ಮಾಡಿಲ್ಲ, ತಾನಾಗಿಯೇ ನಿಂತಿತು’ ಎಂಬ ಮಾತಿನ ಹಿಂದೆ ನಾವು ಅರ್ಧ ದಿನ ಹುಡುಕುತ್ತೇವೆ. ನಿಜ ಹೇಳಿದವರ ಕಂಪ್ಯೂಟರ್ ಬಹಳ ಸಲ ಹತ್ತು ನಿಮಿಷದಲ್ಲಿ ಎದ್ದು ಕೂತಿದೆ.